ಅಕ್ಕೋರ ಪುಸ್ತಕದ ಅಕ್ಷರ ಜೋಡಣೆ

ಇಂದು ಬೆಳಿಗ್ಗೆ ರಾಣೆಬೆನ್ನೂರಿನ ನನ್ನ ಅಂಗಡಿಯ ಹೊಸ ಕಂಪ್ಯೂಟರಿಗೆ ಅಕ್ಷರ ಜೋಡಿಸುವ ಒಂದು ತಂತ್ರಾಂಶ ಹಾಕಿದೆ. ಒಂದೇ ಸಾಲಿನ ಆಜ್ಞೆ ಟೈಪು ಮಾಡಿದ್ದು. ತಂದಿಟ್ಟ ಚಹಾ ಆರುವುದರೊಳಗೆ ಅದು ಸಿದ್ಧವಾಗಿತ್ತು. ಖುಷಿಯಾಗಬೇಕಿತ್ತು, ಅಲ್ಲವೇ? ನನಗೆ ಮೈ ಉರಿಯಿತು. ಲಗ್ನಪತ್ರಿಕೆ, ಕರಪತ್ರ ಮಾಡಿಕೊಂಡು ಬದುಕುವವನಿಗೆ ಇದರ ಮೇಲೇಕೆ ಸಿಟ್ಟು ಎಂದು ನೀವು ಕೇಳಬಹುದು. ಕಾರಣ ಬ್ಯಾಡಗಿಯಲ್ಲಿದೆ.

ಅಲ್ಲಿ ಸುಮಿತ್ರಾ ಅಕ್ಕೋರು ಇದ್ದಾರೆ. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹೀಗೆಯೇ ಕರೆಯುವುದು. ಇಡೀ ನೌಕರಿಯುದ್ದಕ್ಕೂ ಕನ್ನಡದಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಣ್ಣು ಮಂದವಾಗುತ್ತ ಬಂದಿತ್ತು. ಅದು ಪೂರ್ತಿ ಹೋಗುವ ಮೊದಲು ಹೈಸ್ಕೂಲು ಮಕ್ಕಳಿಗಾಗಿ ಒಂದು ಗಣಿತದ ಪುಸ್ತಕ ಮುಗಿಸಬೇಕೆಂದು ಹಟ ತೊಟ್ಟಿದ್ದರು.

"ತಮ್ಮಾ, ಘಾತ ಅನ್ನೂದು ಅಂಕಿ ತಲಿಮ್ಯಾಲ ಸಣ್ಣಾಗಿ ಕುಂದರಬೇಕು. ಕೆಳಗ ಇಳೀತಂದ್ರ ಲೆಕ್ಕಾನ ಬ್ಯಾರೆ ಆಕ್ಕೈತಿ" ಎಂದು ಮೊದಲ ದಿನವೇ ಎಚ್ಚರಿಸಿದ್ದರು. ನನ್ನ ಅಂಗಡಿಯ ತಂತ್ರಾಂಶಕ್ಕೆ ಅದು ಆಗದ ಮಾತು. ಗಣಿತಕ್ಕೆಂದೇ ಹೆಸರಾದ ಬೇರೊಂದು ಉಚಿತವಾಗಿ ಸಿಗುತ್ತಿತ್ತು; ಇಂದು ಬೆಳಿಗ್ಗೆ ಹಾಕಿದ್ದೂ ಅದನ್ನೇ. ಆದರೆ ಅಕ್ಕೋರ ಹಳೆಯ ಕಂಪ್ಯೂಟರಿನಲ್ಲಿ ಅದರ ಸಿದ್ಧರೂಪ ಓಡಲಿಲ್ಲ. ಉಳಿದದ್ದು ಸೋರ್ಸ್ ಕೋಡ್, ಅಂದರೆ ತಂತ್ರಾಂಶ ಬರೆದವರ ಮೂಲ ಬರಹ. ಅದನ್ನು ನಮ್ಮ ಯಂತ್ರಕ್ಕೆ ಹೊಂದುವಂತೆ ನಾವೇ ಕಟ್ಟಿಕೊಳ್ಳಬೇಕು. ಹಾವೇರಿಯಲ್ಲಿ ಕಂಪ್ಯೂಟರ್ ಕೋರ್ಸು ಮಾಡಿದವನೆಂಬ ಗತ್ತು ನನಗೆ. "ಒಂದ ದಿನದ ಕೆಲಸ ಬಿಡ್ರಿ" ಎಂದುಬಿಟ್ಟೆ.

ಆ ಒಂದು ದಿನದ ಕೆಲಸಕ್ಕೆ ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿಯೇ ಪೂರ್ತಿ ಹಿಡಿಯಿತು. ಪ್ರತಿ ಭಾನುವಾರ ಬಸ್ಸಿಳಿದು, ಘಾಟಿಗೆ ಸೀನುತ್ತಲೇ ಅವರ ಮನೆ ಸೇರಿ, ಪರದೆಯ ಮೇಲೆ ಸಾಲುಗಳು ಸರಸರನೆ ಓಡುವುದನ್ನು ನೋಡುತ್ತ ಕೂರುವುದೇ ನನ್ನ ಕೆಲಸವಾಯಿತು. ಕೊನೆಗೊಮ್ಮೆ ತಪ್ಪಿಲ್ಲದೆ ಕಟ್ಟಿ ಮುಗಿಯಿತು. ಮೊದಲ ಪುಟ ತೆಗೆದರೆ ಘಾತ ಸರಿಯಾಗಿ ಮೇಲೆ ಕುಳಿತಿದೆ, ಆದರೆ ಕನ್ನಡದ ಒತ್ತಕ್ಷರಗಳೆಲ್ಲ ಬಿಡಿಬಿಡಿ: ಭಿನ್‌ನರಾಶಿ.

"ಭಿನ್ನರಾಶಿನೂ ಭಿನ್ನ ಆತಲ್ಲೋ!" ಎಂದು ಅಕ್ಕೋರು ನಕ್ಕರು. ಆಮೇಲೆ ಮಾಸ್ತರಿಕೆಯ ದನಿ ಬಂತು. "ನಡುವಿನ ಹೆಜ್ಜಿ ಬಿಟ್ಟು ಬರೇ ಉತ್ತರ ನೋಡೀದಿ ನೀ. ಆ ಓಡಿಹೋದ ಸಾಲು ಮೊದಲಿಂದ ಓದು, ನಾ ಕೇಳ್ತೇನಿ."

ಓದಿದೆ. ಅಕ್ಷರ ಕೂಡಿಸುವ ಸಹಾಯಕ ತಂತ್ರಾಂಶ ಸಿಗಲಿಲ್ಲ, ಅದಿಲ್ಲದೆಯೇ ಮುಂದುವರಿಯುತ್ತೇನೆ ಎಂದು ಯಂತ್ರ ನಡುವೆ ಎಲ್ಲೋ ಹೇಳಿತ್ತು. ಅದನ್ನು ತಂದು ಮೊದಲು ಕಟ್ಟಿ, ಮತ್ತೆ ಎಲ್ಲವನ್ನೂ ಕಟ್ಟಿದೆವು. ಪುಟ ತೆಗೆದಾಗ ಅಕ್ಕೋರು ಕಾಗದವನ್ನು ಕಣ್ಣಿಗೆ ಆನಿಸಿಕೊಂಡು ಬಹಳ ಹೊತ್ತು ನೋಡಿದರು. "ನಾ ಬೋರ್ಡಿನ ಮ್ಯಾಲ ಬರೀತಿದ್ದೆನಲ್ಲ, ಹಂಗ ಐತಿ" ಎಂದರು. ನನ್ನ ಕಸುಬಿನಲ್ಲಿ ನನಗೆ ಸಿಕ್ಕ ದೊಡ್ಡ ಮಾತು ಅದು.

ಹಾವೇರಿಯ ಒಬ್ಬ ಪ್ರಕಾಶಕರು ಪುಸ್ತಕ ಒಪ್ಪಿಕೊಂಡರು. ಎಲ್ಲ ಹಕ್ಕು ತಮಗೇ ಇರಲೆಂದು ಅಕ್ಕೋರಿಂದ ಸಹಿ ಹಾಕಿಸಿಕೊಂಡ ಮೇಲೆ ನನ್ನತ್ತ ತಿರುಗಿದರು. "ನಿಮ್ಮ ಫೈಲು ನಮ್ಮ ಹುಡುಗೂರಿಗೆ ತಿಳ್ಯಾಂಗಿಲ್ರಿ. ನಮ್ಮಲ್ಲೇ ಹೊಸದಾಗಿ ಟೈಪ್ ಮಾಡಿಸ್ತೇವಿ."

"ಪುಟ ತಯಾರ ಅದಾವಲ್ರಿ, ಹಂಗ ಛಾಪಿಸಿದ್ರಾತು" ಎಂದೆ.

"ನಮ್ಮ ಅಳತಿ ಬ್ಯಾರೆ ಐತ್ರಿ."

"ಅಳತಿ ಈಗಿಂದೀಗ ಬದಲ್ ಮಾಡಿ ಕೊಡ್ತೇನ್ರಿ."

"ನಿಮಗ್ಯಾಕ ತ್ರಾಸು ಬಿಡ್ರಿ. ಪ್ರೂಫ್ ಕಳಸ್ತೇವಲ್ಲ."

ಪ್ರೂಫ್ ಬರಲೇ ಇಲ್ಲ; ಬಿಡುಗಡೆಯ ಕರೆಯೋಲೆ ಬಂತು. ವೇದಿಕೆಯ ಮೇಲೆ ಅಕ್ಕೋರಿಗೆ ಶಾಲು ಹೊದಿಸಿ ಪುಸ್ತಕ ಕೊಟ್ಟರು. ಅವರು ಒಂದು ಪುಟ ಬಿಡಿಸಿ, ಕಣ್ಣು ಕಿರಿದು ಮಾಡಿ ನೋಡಿ, ಕೆಳಗೆ ಮುಂದಿನ ಸಾಲಿನಲ್ಲಿದ್ದ ನನ್ನನ್ನು ಕರೆದರು. "ಎರಡರ ಘಾತ ಮೂರು ಹೆಂಗ ಬರದಾರ, ಓದು."

ಓದಿದೆ. 23 = 8.

ಮೈಕು ಮುಂದೆ ಬಂದಾಗ ಅಕ್ಕೋರು "ನನಗ ಮಾತಾಡಾಕ ಆಗೂದಿಲ್ರಿ" ಎಂದಷ್ಟೇ ಹೇಳಿ ಕುಳಿತರು. ಸಭೆ ಅದನ್ನು ವಿನಯವೆಂದುಕೊಂಡು ಚಪ್ಪಾಳೆ ತಟ್ಟಿತು. ನಾನು ಪುಸ್ತಕದ ಹಿಂದುಮುಂದು ತಿರುವಿದೆ. ಮೊದಲ ಹಾಳೆಯ ಬೆನ್ನಿಗೆ "ಅಕ್ಷರ ಜೋಡಣೆ" ಎಂದು ನನ್ನ ಹೆಸರು, ಊರು. ಪ್ರಕಾಶಕರನ್ನು ಕೇಳಿದರೆ, "ನಿಮಗ ಮರ್ಯಾದಿ ಕೊಟ್ಟೇವಲ್ರಿ!" ಎಂದರು. ಮರುಮುದ್ರಣವೂ ಬಂತು, ಅದೇ ತಪ್ಪುಗಳೊಂದಿಗೆ, ಅದೇ ಮರ್ಯಾದೆಯೊಂದಿಗೆ. ಅಷ್ಟರಲ್ಲಿ ಅಕ್ಕೋರ ಕಣ್ಣು ಪೂರ್ತಿ ಹೋಗಿತ್ತು. ಆ ಪುಸ್ತಕದ ಸುದ್ದಿ ತೆಗೆದರೆ ಅವರು ಈಗಲೂ ಎದ್ದು ಒಳಗೆ ಹೋಗುತ್ತಾರೆ.

ನಿನ್ನೆ ಗುತ್ತಲದ ಕಡೆಯ ಮಾಸ್ತರರೊಬ್ಬರು ನನ್ನ ಹೆಸರು ಹುಡುಕಿ ಫೋನ್ ಮಾಡಿದರು. "ಹುಡುಗೂರು ನಗಾಕತ್ತಾರ್ರಿ. ಹಿಂಗ್ಯಾಕ ಜೋಡಿಸೀರಿ?"

"ಆ ಪುಸ್ತಕ ಬಿಟ್ಟು ಬ್ಯಾರೆ ಕಲಸ್ರಿ" ಎಂದೆ.

"ಬ್ಯಾರೆ ಯಾವುದೈತ್ರಿ? ಕನ್ನಡದಾಗ ಇಷ್ಟು ತಿಳಿಯೂಹಂಗ ಬರದದ್ದು ನನಗಂತೂ ಸಿಕ್ಕಿಲ್ಲ."

ಅದಕ್ಕಾಗಿಯೇ ಬೆಳಿಗ್ಗೆ ಆ ತಂತ್ರಾಂಶ ಹಾಕಿದ್ದು. ಅಕ್ಕೋರ ಹಳೆಯ ಫೈಲುಗಳನ್ನು ಅದಕ್ಕೆ ಕೊಟ್ಟೆ. ಪುಟಗಳು ಒಂದೂ ಕೆಡದೆ ಬಂದವು. ಬರೆದುಕೊಟ್ಟ ಹಕ್ಕಿನ ಪ್ರಕಾರ ಅವು ಈಗ ನನ್ನವಲ್ಲ, ಅಕ್ಕೋರವೂ ಅಲ್ಲ. ಆದರೂ ಮಾಸ್ತರರಿಗೆ ಕಳಿಸಿಬಿಟ್ಟೆ. ಕಳಿಸುವ ಮೊದಲು ಮೊದಲ ಹಾಳೆಯಲ್ಲಿ ಅಂದು ನಾನೇ ಹಾಕಿದ್ದ ನನ್ನ ಹೆಸರೊಂದನ್ನು ತೆಗೆದೆ.