ಲೆಮ್ಯುಯೆಲ್ ಟೇಟಮ್‌ನ ಹದಿನಾರು ಸೂಟುಗಳು

ಒಜೆಲ್ಲಾ ಟೇಟಮ್ ತನ್ನ ಗಂಡನ ಸೂಟುಗಳನ್ನು ಚರ್ಚಿಗೆ ಕೊಟ್ಟದ್ದು ತೊಂಬತ್ತಾರರ ಬೇಸಿಗೆಯ ಒಂದು ಬುಧವಾರ. ಗಂಡ ಲೆಮ್ಯುಯೆಲ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಷ್ಟು ವರ್ಷ ಯಾರು ಕೇಳಿದರೂ ಕೊಟ್ಟಿರಲಿಲ್ಲ. ಕೊಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಅದರಿಂದ ಒಂದು ಹಾಡು ಕೆಟ್ಟಿತು.

ಲೆಮ್ಯುಯೆಲ್, ಜಾಕ್ಸನ್ ಎಂಬ ಊರಿನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದವನು. ಒಗೆಯಲು ಕೊಟ್ಟು ವರ್ಷವಾದರೂ ಯಾರೂ ತೆಗೆದುಕೊಂಡು ಹೋಗದ ಸೂಟುಗಳನ್ನು ಯಜಮಾನ ಅವನಿಗೆ ಕೊಡುತ್ತಿದ್ದ. ಲೆಮ್ಯುಯೆಲ್ ಕುಳ್ಳ. ಮರೆತು ಹೋದವರೆಲ್ಲ ಎತ್ತರದವರು, ಏಕೋ ಏನೋ. ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ಮಕ್ಕಳಿಗೆ ಬಡಿಸಿ ಬಂದ ಒಜೆಲ್ಲಾ ಸಂಜೆ ಕೂತು ಪ್ಯಾಂಟಿನ ಅಂಚು ಒಳಕ್ಕೆ ಮಡಚಿ ಹೊಲಿಯುತ್ತಿದ್ದಳು. ಹೀಗೆ ಹದಿನಾರು ಸೂಟು. ಭಾನುವಾರ ಅವನು ಚರ್ಚಿಗೆ ಹೊರಟರೆ ಬ್ಯಾಂಕಿನ ಮ್ಯಾನೇಜರನ ಹಾಗೆ ಕಾಣುತ್ತಿದ್ದ.

ಲೆಮ್ಯುಯೆಲ್‌ನ ತಂಗಿಯ ಮಗ ಡಿಮೆಟ್ರಿಕ್ ಆರನೆಯ ವಯಸ್ಸಿನಿಂದ ಇವರ ಮನೆಯಲ್ಲೇ ಬೆಳೆದವನು. ಈಗ ಇಪ್ಪತ್ತನಾಲ್ಕು. ಟಯರ್ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತು ರ‍್ಯಾಪ್. ಆ ಬೇಸಿಗೆ ಅವನೂ ಟವಾನಾ ಎಂಬ ಹುಡುಗಿಯೂ ಸೇರಿ ಹನ್ನೆರಡು ಹಾಡಿನ ಆಲ್ಬಂ ಮಾಡುವುದಕ್ಕೆ ಹೊರಟರು. ತಾಳ ಕಟ್ಟುವುದು, ರೆಕಾರ್ಡ್ ಮಾಡುವುದು ಎಲ್ಲ ಟವಾನಾಳದು. ಅವಳ ಕಿವಿ ಬಹಳ ಸೂಕ್ಷ್ಮ. ಮಾತು ಕಡಿಮೆ.

ರೆಕಾರ್ಡ್ ಮಾಡಲು ಜಾಗ ಹುಡುಕುತ್ತ ಅವಳು ಮನೆಯೆಲ್ಲ ಸುತ್ತಿ, ಅಲ್ಲಲ್ಲಿ ನಿಂತು ಚಪ್ಪಾಳೆ ತಟ್ಟಿ ಮಾರ್ದನಿ ಕೇಳಿ, ಕೊನೆಗೆ ಒಜೆಲ್ಲಾಳ ಬಟ್ಟೆ ಕೋಣೆಯ ಬಾಗಿಲು ತೆಗೆದಳು. ಒಳಗೆ ನಿಂತು ಮತ್ತೊಮ್ಮೆ ಚಪ್ಪಾಳೆ ತಟ್ಟಿದಳು. ಶಬ್ದ ಅಲ್ಲಿ ತೂಗುಹಾಕಿದ್ದ ಸೂಟುಗಳೊಳಗೆ ಹೋಗಿ ಸತ್ತಿತು.

“ಇಲ್ಲೇ,” ಎಂದಳು.

ಒಜೆಲ್ಲಾ ಡಿಮೆಟ್ರಿಕ್‌ಗೆ ಒಂದು ಕರಾರು ಹಾಕಿದಳು. “ಹೊಲಸು ಮಾತಿರೋ ಹಾಡು ಬಂದ್ರೆ ಮೊದ್ಲೇ ಹೇಳ್ಬಿಡು. ನಾನು ಹೋಗಿ ಟೊಮೆಟೊ ಗಿಡಕ್ಕೆ ನೀರು ಹಾಕ್ತೀನಿ.”

ಹನ್ನೊಂದನೆಯ ಹಾಡು ಮುಗಿಯುವ ಹೊತ್ತಿಗೆ ಟೊಮೆಟೊ ಗಿಡಗಳೆಲ್ಲ ಬೇರು ಕೊಳೆತು ಸತ್ತಿದ್ದವು.

ಹನ್ನೆರಡನೆಯದು ಲೆಮ್ಯುಯೆಲ್‌ನ ಮೇಲಿನ ಹಾಡು. ಅದರಲ್ಲಿ ಹೊಲಸು ಮಾತಿಲ್ಲ, ನೀವು ಮನೆಯಲ್ಲೇ ಇರಬಹುದು ಅತ್ತೆ, ಎಂದು ಡಿಮೆಟ್ರಿಕ್ ಹೇಳಿದ್ದ. ಅದರ ಜೊತೆಗೇ ಇನ್ನೊಂದು ಮಾತು ಬಾಯಿ ತಪ್ಪಿ ಬಂದಿತ್ತು: “ಒಳಗೆ ಉಸಿರು ಕಟ್ಟುತ್ತೆ ಕಣತ್ತೆ. ಸೂಟೆಲ್ಲ ಮುಖಕ್ಕೇ ಬರುತ್ತೆ.”

ಒಜೆಲ್ಲಾ ಎರಡು ದಿನ ಯೋಚಿಸಿದಳು. ಸತ್ತವನ ಬಟ್ಟೆ ಬದುಕಿರುವ ಹುಡುಗನ ಉಸಿರು ಕಟ್ಟಿಸುವುದು ಸರಿಯಲ್ಲ ಅನ್ನಿಸಿತು. ಬುಧವಾರ ಚರ್ಚಿನ ವ್ಯಾನು ಹಳೇ ಬಟ್ಟೆಗೆಂದು ಬಂದಾಗ ಹದಿನಾರನ್ನೂ ತಾನೇ ಎತ್ತಿ ಹಾಕಿದಳು. ಕೋಣೆ ಗುಡಿಸಿ, ಹಾಡುವವನಿಗೆ ಕೂರಲು ಸ್ಟೂಲನ್ನೂ ಇಟ್ಟಳು.

ಶನಿವಾರ ಇಬ್ಬರೂ ಬಂದರು. ಡಿಮೆಟ್ರಿಕ್ ಬಟ್ಟೆ ಕೋಣೆಯ ಬಾಗಿಲು ತೆಗೆದ.

“ಅತ್ತೆ, ಸೂಟು?”

“ಕೊಟ್ಟೆ. ನಿಂಗೆ ಗಾಳಿ ಆಡ್ಲಿ ಅಂತ.”

ಟವಾನಾ ಒಳಗೆ ಹೋಗಿ ಚಪ್ಪಾಳೆ ತಟ್ಟಿದಳು. ಬಚ್ಚಲಲ್ಲಿ ತಟ್ಟಿದ ಹಾಗಾಯಿತು. ಗೋಡೆಗೆ ಹೊದಿಕೆ ಕಟ್ಟಿದರು, ಹಾಸಿಗೆ ಎತ್ತಿ ನಿಲ್ಲಿಸಿದರು. ಒಮ್ಮೆ ದನಿ ಬಾವಿಯಿಂದ ಬಂದ ಹಾಗೆ, ಇನ್ನೊಮ್ಮೆ ದಿಂಬಿನೊಳಗಿಂದ ಬಂದ ಹಾಗೆ.

“ಬೇರೆ ಹನ್ನೊಂದು ಹಾಡಿದ ಮನುಷ್ಯ ಇವನಲ್ಲ ಅನ್ಸುತ್ತೆ,” ಎಂದಳು ಟವಾನಾ. ರೆಕಾರ್ಡರ್ ಅವಳ ಅಣ್ಣನದು. ಅವನು ಅದನ್ನು ತೆಗೆದುಕೊಂಡು ಭಾನುವಾರ ಸಂಜೆ ಟೆಕ್ಸಸ್ಸಿಗೆ ಹೊರಡುವವನಿದ್ದ.

“ಹನ್ನೊಂದೇ ಸಾಕು ಬಿಡಿ ಅತ್ತೆ,” ಎಂದ ಡಿಮೆಟ್ರಿಕ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಜೆಲ್ಲಾ ತಿರುಗಿ ಬೈಯಬಹುದಿತ್ತು. ಈಗ ಲೆಮ್ಯುಯೆಲ್ ಒಬ್ಬನೇ ಆಲ್ಬಮಿನಿಂದ ಹೊರಗೆ ಉಳಿಯುತ್ತಾನೆ, ಅದೂ ತನ್ನ ಕೈಯಿಂದ.

ಮರುದಿನ ಚರ್ಚಿನಲ್ಲಿ ಅವಳು ಎಂದಿನ ಜಾಗದಲ್ಲಿ ಕೂತಳು. ಚರ್ಚು ಬಟ್ಟೆಗಳನ್ನು ಆಗಲೇ ತನ್ನವರಿಗೆ ಹಂಚಿಬಿಟ್ಟಿತ್ತು. ಎದುರಿನ ಸಾಲಿನಲ್ಲಿ ಲೆಮ್ಯುಯೆಲ್‌ನ ಕಂದು ಸೂಟು ಕೂತಿತ್ತು. ಅದರಾಚೆ ನೀಲಿ ಗೆರೆಯದು. ಕಿಟಕಿಯ ಬಳಿ ಅವನು ಈಸ್ಟರ್ ಹಬ್ಬಕ್ಕೆ ತೊಡುತ್ತಿದ್ದ ಬೂದು ಬಣ್ಣದ್ದು ನಿದ್ದೆ ಮಾಡುತ್ತಿತ್ತು. ಪ್ರವಚನ ಯಾವುದರ ಮೇಲೆ ಎಂದು ಆಮೇಲೆ ಯಾರೋ ಕೇಳಿದಾಗ ಅವಳಿಗೆ ಹೇಳಲಾಗಲಿಲ್ಲ.

ಪ್ರಾರ್ಥನೆ ಮುಗಿದ ಕೂಡಲೇ ಮೆಟ್ಟಿಲ ಮೇಲೆ ಡೀಕನ್ ಗ್ಯಾಂಡಿಯನ್ನು ತಡೆದಳು. ಅವನು ಚರ್ಚಿನ ಹಿರಿಯರಲ್ಲಿ ಒಬ್ಬ, ತಾಳೆಮರದಂಥ ಆಳು. ಕಂದು ಸೂಟು ಅವನ ಮೈಮೇಲಿತ್ತು.

“ಡೀಕನ್ ಗ್ಯಾಂಡಿ, ಆ ಸೂಟು ಒಂದು ಗಂಟೆ ನಮ್ಮನೇಲಿ ಬೇಕಿತ್ತು.”

“ಸಿಸ್ಟರ್ ಟೇಟಮ್, ವಿಧವೆ ಮನೇಲಿ ನಾನು ಪ್ಯಾಂಟು ಬಿಚ್ಚಿ ಕೊಟ್ಟೆ ಅಂದ್ರೆ ನನ್ನ ಹೆಂಡ್ತಿ ಏನಂತಾಳೆ?”

“ಬಿಚ್ಚೋದು ಬೇಡ. ನೀವೂ ಬನ್ನಿ.”

ಹೀಗೆ ಮಧ್ಯಾಹ್ನ ಎರಡು ಗಂಟೆಗೆ ಲೆಮ್ಯುಯೆಲ್‌ನ ಸೂಟು ತೊಟ್ಟ ಆರು ಗಂಡಸರು ಮನೆಗೆ ಬಂದರು. ಬಟ್ಟೆ ಕೋಣೆಯಲ್ಲಿ ಐವರು ಹಿಡಿಸಿದರು. ಆರನೆಯವನು ಒಳಗೆ ಬಂದರೆ ಬಾಗಿಲು ಮುಚ್ಚಲಿಲ್ಲ. ಅವನನ್ನು ಮೆಕ್ಕೆಜೋಳದ ರೊಟ್ಟಿಯ ಜೊತೆ ಅಡುಗೆಮನೆಗೆ ಕಳಿಸಿದರು. ಡಿಮೆಟ್ರಿಕ್ ನಡುವೆ ಮೈಕು ಹಿಡಿದು ನಿಂತ. ಸದ್ದಾಗದಿರಲೆಂದು ಫ್ಯಾನು, ಎ.ಸಿ. ಎಲ್ಲ ಆರಿಸಿದ್ದಾಯಿತು.

ಟವಾನಾ ಚಪ್ಪಾಳೆ ತಟ್ಟಿದಳು. ತಲೆಯಾಡಿಸಿದಳು. “ಮನುಷ್ಯರು ಒಳಗಿದ್ರೆ ಇನ್ನೂ ಚೆನ್ನಾಗಿದೆ.”

“ಯಾರೂ ಉಸಿರೆತ್ತಬಾರ್ದು,” ಎಂದು ಒಜೆಲ್ಲಾ ಹೊರಗಿನಿಂದ ಬಾಗಿಲು ಹಾಕಿದಳು.

ಹೊರಗೆ ಟವಾನಾಳ ಟೇಪು ತಿರುಗಿತು. ಡಿಮೆಟ್ರಿಕ್ ಶುರು ಮಾಡಿದ:

“ಊರಿನ ಸುಕ್ಕೆಲ್ಲ ಬಿಡಿಸಿದ ಕೈ, ಹಬೆಯಲ್ಲಿ ಬೆಂದ ಕೈ—”

“ಹೇಳಪ್ಪಾ!” ಎಂದಿತು ನೀಲಿ ಗೆರೆಯ ಸೂಟು.

ಟೇಪು ನಿಂತಿತು. ಒಜೆಲ್ಲಾ ಬಾಗಿಲು ತೆಗೆದಳು.

“ಯಾರದು?”

“ತಾನಾಗೇ ಬಂತು ಸಿಸ್ಟರ್. ಚರ್ಚಲ್ಲಿ ಐವತ್ತು ವರ್ಷದ ಅಭ್ಯಾಸ. ಯಾರಾದ್ರೂ ನಿಜ ಹೇಳ್ತಿದ್ರೆ ಸುಮ್ನೆ ನಿಂತು ಗೊತ್ತಿಲ್ಲ.”

ಎರಡನೆಯ ಸಲ ಅರ್ಧ ಹಾಡು ಸಾಗಿತು. ಅಷ್ಟರಲ್ಲಿ ಡೀಕನ್ ಗ್ಯಾಂಡಿ ಹೊಟ್ಟೆಯೊಳಗಿಂದ “ಹೂಂಊಂ” ಎಂದ. ಟೇಪು ಮತ್ತೆ ನಿಂತಿತು.

“ಡೀಕನ್, ನಿಮಗೂ ಸಣ್ಣ ಮಕ್ಕಳಿಗೂ ಏನು ವ್ಯತ್ಯಾಸ?” ಎಂದು ಒಜೆಲ್ಲಾ ಪರ್ಸು ತೆಗೆದಳು. ಚರ್ಚಿನಲ್ಲಿ ಗಲಾಟೆ ಮಾಡುವ ಮಕ್ಕಳಿಗೆಂದು ಅದರಲ್ಲಿ ಸದಾ ಪೆಪ್ಪರ್‌ಮಿಂಟು ಇರುತ್ತಿತ್ತು. ಐವರ ಬಾಯಿಗೂ ಒಂದೊಂದು ಹಾಕಿದಳು. “ಕಡಿಯೋದಲ್ಲ. ಚೀಪಿ.”

ಮೂರನೆಯ ಸಲ ಐವರೂ ಚೀಪುತ್ತ ಬೆವರುತ್ತ ನಿಂತರು. ಟವಾನಾಳ ಅಣ್ಣ ರೆಕಾರ್ಡರಿಗೆಂದು ಬಂದು ಆಗಲೇ ಬೀದಿಯಲ್ಲಿ ಹಾರ್ನು ಹೊಡೆದಿದ್ದ, ಅವಳು ಹೋಗಿ ಅವನ ಕೈಗೆ ಕರಿದ ಮೀನಿನ ತಟ್ಟೆ ಕೊಟ್ಟು ಬಂದಿದ್ದಳು. ಒಜೆಲ್ಲಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಕೇಳಿದಳು. ಹುಡುಗನ ದನಿ ಒಣಗಿದ ಹಾಗೆ, ಹತ್ತಿರ, ಕಿವಿಯಲ್ಲೇ ಹೇಳುವ ಹಾಗೆ ಬರುತ್ತಿತ್ತು. ಕೊನೆಯ ಸಾಲು ಅವಳು ಮೊದಲು ಕೇಳಿರಲಿಲ್ಲ:

“ಯಾರೋ ಮರೆತ ಕೋಟು ತೊಟ್ಟ, ಯಾರನ್ನೂ ಮರೆಯದವ.”

“ಹೌದು, ಕಂದಾ,” ಎಂದಳು ಒಜೆಲ್ಲಾ.

ಟವಾನಾ ತಲೆಯೆತ್ತಿ ನೋಡಿದಳು. ಟೇಪು ನಿಲ್ಲಿಸಲಿಲ್ಲ. ತಾಳ ಪೂರಾ ಮುಗಿದ ಮೇಲೆ ಗುಂಡಿ ಒತ್ತಿ, “ಅದು ನೀವು, ಅಮ್ಮ,” ಎಂದಳು.

“ನಾನಲ್ಲ.”

“ಇರ್ಲಿ. ಚೆನ್ನಾಗಿ ಕೂತಿದೆ.”

ಇಂದಿಗೂ ಆ ಕ್ಯಾಸೆಟ್ಟಿನ ಕೊನೆಯಲ್ಲಿ ಅದು ಇದೆ. ಕಾರಿನಲ್ಲಿ ಜೋರಾಗಿ ಹಾಕಿದವರಿಗೆ ಹಿಂದಿನ ಸೀಟಿನಲ್ಲಿ ಯಾರೋ ಮುದುಕಿ ಕೂತ ಹಾಗೆ ಕೇಳುತ್ತದೆ.

ಬಾಗಿಲು ತೆಗೆದಾಗ ಐವರೂ ಸ್ನಾನ ಮಾಡಿದವರಂತೆ ಹೊರಬಂದರು. ಡಿಮೆಟ್ರಿಕ್ ಅತ್ತೆಯ ಹೆಗಲ ಮೇಲೆ ತಲೆಯಿಟ್ಟ.

ಡೀಕನ್ ಗ್ಯಾಂಡಿ ಗಂಟಲು ಸರಿಮಾಡಿಕೊಂಡ. “ಸಿಸ್ಟರ್ ಟೇಟಮ್, ನಾವು ನಾವೇ ಮಾತಾಡ್ಕೊಂಡ್ವಿ. ಹುಡುಗ ಇನ್ನೂ ಹಾಡ್ತಾನಲ್ಲ. ಒಗೆಸಿ ಎಲ್ಲ ವಾಪಸ್ ತಂದು ತೂಗಾಕ್ತೀವಿ.”

ಒಜೆಲ್ಲಾ ಖಾಲಿ ಹ್ಯಾಂಗರುಗಳನ್ನು ನೋಡಿದಳು. ಆಮೇಲೆ ಅವನ ಕಾಲು ನೋಡಿದಳು. ಪ್ಯಾಂಟು ಕಣಕಾಲಿನಿಂದ ಮೂರು ಬೆರಳು ಮೇಲೆ ನಿಂತಿತ್ತು, ಬಿಳಿ ಕಾಲುಚೀಲ ಪೂರ್ತಿ ಕಾಣುತ್ತಿತ್ತು. ಇದನ್ನು ತೊಟ್ಟು ಅವನು ಇಡೀ ಚರ್ಚಿನ ಮುಂದೆ ಕಾಣಿಕೆ ತಟ್ಟೆ ಹಿಡಿದು ನಡೆದಿದ್ದ.

“ವಾಪಸ್ ಬೇಡ,” ಎಂದಳು. “ಮಂಗಳವಾರ ಆ ಪ್ಯಾಂಟು ತಂದ್ಕೊಡಿ. ಒಳಗೆ ನಾಲ್ಕು ಬೆರಳು ಬಟ್ಟೆ ಇದೆ. ಮಡಚಿದ್ದು ನಾನೇ.”