ಸಿದ್ಧಲಿಂಗೇಶ ಸರಿಮಾಡಿದ ಸ್ಟ್ಯಾಂಡು

ಸಿದ್ಧಲಿಂಗೇಶನ ಕೈಗೆ ಸಿಕ್ಕ ಯಾವ ವಸ್ತುವೂ ಹೋದ ಹಾಗೆ ವಾಪಸು ಬಂದದ್ದಿಲ್ಲ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿ ಅವನದೊಂದು ಪೈಪು, ಮೋಟಾರು ಸಾಮಾನಿನ ಅಂಗಡಿ. ಯಾರಾದರೂ ವಾಲ್ವ್ ಕೇಳಿದರೆ ಸುಮ್ಮನೆ ಕೊಟ್ಟು ಕಳಿಸುವ ಜಾಯಮಾನ ಅವನದಲ್ಲ. ಕಂಪನಿಯವರು ಮಾಡಿರುವುದೇ ತಪ್ಪು ಎಂದು ಅಲ್ಲೇ ಬಿಚ್ಚಲು ಕೂರುತ್ತಾನೆ. ಗಿರಾಕಿ ಎದುರಿನ ಅಂಗಡಿಗೆ ದಾಟುತ್ತಾನೆ. ಅವನು ಸುಧಾರಿಸಿದ ಮಿಕ್ಸಿ ಹಾಕಿದರೆ ಪಕ್ಕದ ಮನೆಯ ಎಮ್ಮೆ ಹಗ್ಗ ಜಗ್ಗುತ್ತದೆ. ಬಚ್ಚಲಿನ ನಲ್ಲಿ ತಿರುಗಿಸಲು ಸ್ಪ್ಯಾನರ್ ಬೇಕು. ನಲವತ್ತೈದಾದರೂ ಮದುವೆಯಾಗಿಲ್ಲ; ನೋಡಿಬಂದ ಹೆಣ್ಣುಗಳಲ್ಲೂ ಬಿಚ್ಚಿ ಸರಿಮಾಡುವಂಥದ್ದೇನೋ ಕಂಡಿರಬೇಕು ಎಂದು ತಮ್ಮನ ಹೆಂಡತಿ ಶೃತಿ ಅಂದುಕೊಳ್ಳುತ್ತಾಳೆ.

ಶೃತಿ ಮೈಸೂರಿನಲ್ಲಿ ಓದಿದವಳು. ಈ ಮನೆಯಲ್ಲಿ ಅತ್ತೆಯಿಂದ ಹಿಡಿದು ಗಂಡನವರೆಗೆ ಎಲ್ಲರೂ ಭಾವನನ್ನು 'ನಮ್ಮ ಇಂಜಿನಿಯರ್' ಎನ್ನುವುದನ್ನು ಕೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೇ ಡುಮ್ಕಿ ಹೊಡೆದ ಇಂಜಿನಿಯರ್.

ಆರು ವರ್ಷದ ಮಗಳು ಸ್ಪಂದನಳಿಗೆ ಚಂದ್ರನನ್ನು ತೋರಿಸಲೆಂದು ಶೃತಿ ಆನ್‌ಲೈನಿನಲ್ಲಿ ಅಗ್ಗದ ಟೆಲಿಸ್ಕೋಪೊಂದನ್ನು ತರಿಸಿದ್ದಳು. ಕೊಳವೆಯೇನೋ ಪರವಾಗಿಲ್ಲ, ಅದನ್ನು ಹೊರುವ ಸ್ಟ್ಯಾಂಡು ಮಾತ್ರ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ರೆಪ್ಪೆ ತಗುಲಿದರೂ ಸಾಕು, ಚಂದ್ರ ಅತ್ತಿಂದಿತ್ತ ಓಡಾಡುತ್ತಿದ್ದ. ವಾಪಸು ಕಳಿಸೋಣವೆಂದು ಡಬ್ಬಕ್ಕೆ ತುಂಬಿಟ್ಟು ಮಗಳನ್ನು ಶಾಲೆಯಿಂದ ಕರೆತರುವಷ್ಟರಲ್ಲಿ, ಭಾವ ಪಡಸಾಲೆಯಲ್ಲಿ ಹಳೇ ಪೇಪರ್ ಹಾಸಿಕೊಂಡು ಸ್ಟ್ಯಾಂಡಿನ ಕೀಲು ಕೀಲು ಬಿಚ್ಚಿ ಹರಡಿಯಾಗಿತ್ತು.

"ಭಾವ, ಅದನ್ನ ವಾಪಸ್ ಕಳಿಸೋದಿತ್ತು."

"ಯಾಕ ಕಳಿಸ್ತಿ? ನೋಡಿಲ್ಲಿ, ಗ್ರೀಸ್ ಅಂತ ಹಲಸಿನ ಮೇಣ ತುಂಬ್ಯಾರ. ತಿರುಗಂದ್ರ ಹೆಂಗ ತಿರುಗೀತು?"

ಪೇಪರಿನ ಮೇಲೆಲ್ಲ ಕಡಲೆಬೇಳೆ ಗಾತ್ರದ ತಿರುಪುಗಳು. ಶೃತಿ ಮೊದಲು ಮಗಳ ಎರಡೂ ಅಂಗೈ ಬಿಡಿಸಿ ನೋಡಿದಳು, ಆಮೇಲೆ ಬಾಯಿ ತೆರೆಸಿದಳು.

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಹಲ್ಲುಚಕ್ರಗಳನ್ನು ಡೀಸೆಲಿನಲ್ಲಿ ತೊಳೆಯಲು ಅವನಿಗೆ ಸಿಕ್ಕಿದ್ದು ಸ್ಪಂದನಳ ಸ್ನಾನದ ಬೇಸಿನ್ನು. ಕೀಲಿನೊಳಗಿನ ಉಂಗುರದಷ್ಟು ಪ್ಲಾಸ್ಟಿಕ್ ಬುಷ್ ತೆಗೆದು ಹಿತ್ತಾಳೆಯದು ಹಾಕಬೇಕೆಂದು ಅಂಗಡಿಗೆ ಬಾಗಿಲೆಳೆದು ಸೊರಬದ ಲೇತ್ ಶಾಪಿಗೆ ಹೋದ. ಅಳತೆ ತಪ್ಪಿತೆಂದು ಮತ್ತೆ ಹೋದ. ಎಣ್ಣೆ ಡಬ್ಬದ ಮುಚ್ಚಳ ಕತ್ತರಿಸಿ ವಾಷರ್ ಮಾಡಿದ. ಟೊಳ್ಳು ಕಾಲುಗಳಿಗೆ ಮರಳು ತುಂಬಿ ತುದಿಗೆ ಸೈಕಲ್ ಟ್ಯೂಬಿನ ರಬ್ಬರ್ ಬಿಗಿದ. ಎಲ್ಲವನ್ನೂ ಊಟದ ಹೊತ್ತಿಗೇ ವಿವರಿಸಿದ. ತಾಯಿ ರಾಜೇಶ್ವರಮ್ಮ ರೊಟ್ಟಿ ಬಡಿಯುವುದು ಬಿಟ್ಟು ಕೇಳಿಸಿಕೊಂಡರು. ಶೃತಿಯ ಗಂಡ ರಾಜಕುಮಾರ್ ತಲೆದೂಗಿದ. ಮನೆಯ ಗಂಡಸರ ಬುದ್ಧಿಯೆಲ್ಲ ಸೇರಿ ಒಂದು ಬುಷ್ಷಿನಷ್ಟಾಗಬಹುದು ಎಂದುಕೊಂಡು ಅವಳು ಬೇಸಿನ್ನನ್ನು ಮೂರನೇ ಸಲ ಸೋಪು ಹಾಕಿ ತಿಕ್ಕಿದಳು.

ಸೋಮವಾರ ಬೆಳಿಗ್ಗೆ ಮಗಳಿಗೆ ಯೂನಿಫಾರ್ಮ್ ತೊಡಿಸಲು ಹೋದರೆ ಅವಳಾಗಲೇ ರೇಷ್ಮೆ ಲಂಗದಲ್ಲಿದ್ದಳು.

"ಇವತ್ತು ಕೂಸನ್ನ ಶಾಲಿಗೆ ಕಳಿಸಬ್ಯಾಡವ್ವ," ಎಂದರು ಅತ್ತೆ. "ಇನ್ನೇನು ಒಂಬತ್ತಾತು, ರಾಹುಕಾಲ ಕಳೀತೈತಿ. ಆಮ್ಯಾಲೆ ಸಿದ್ಧಲಿಂಗನ ದುರ್ಬೀನು ಚಾಲೂ ಮಾಡೋದು."

"ಹಗಲು ಹೊತ್ತಲ್ಲಿ ಅದ್ರಲ್ಲಿ ಏನು ಕಾಣ್ತದೆ ಅತ್ತೆ?"

"ಸೂರ್ಯನಾರಾಯಣ ಕಾಣ್ತಾನ. ಹೊಸ ಗಾಡಿ ತಂದ್ರೂ, ಮೋಟಾರ್ ಕೂಡಿಸಿದ್ರೂ ಮೂಡಲಕ್ಕ ಮುಖ ಮಾಡಿ ಅವಂಗ ತೋರಿಸಿಯೇ ಅಲ್ಲೇನು ನಾವು ಶುರು ಮಾಡೋದು? ಮೊದಲ ದರ್ಶನ ಹೆಣ್ಮಗೀಂದು."

ಶೃತಿ ಯೂನಿಫಾರ್ಮನ್ನು ಅಲ್ಲೇ ಎಸೆದು ಮಗಳತ್ತ ತಿರುಗಿದಳು. ಮಗಳು ಮಾತ್ರ ಆಗಲೇ ಮೆಟ್ಟಿಲ ಮೇಲಿದ್ದಳು.

ತಾರಸಿಯಲ್ಲಿ ಸ್ಟ್ಯಾಂಡಿಗೆ ವಿಭೂತಿ ಬಳಿದು ಸೇವಂತಿಗೆ ಸರ ಹಾಕಿತ್ತು. ಕೊಳವೆ ಮೂಡಲಿಗೆ ಮುಖ ಮಾಡಿತ್ತು. ರಾಹುಕಾಲಕ್ಕೆ ಕಾದು ಕಾದು ಸೂರ್ಯ ಆಗಲೇ ಚುರುಗುಟ್ಟುವಷ್ಟು ಮೇಲೇರಿದ್ದ. ಮಗು ಸ್ಟೂಲಿನ ಮೇಲೆ ನಿಂತು ಒಂದು ಕಣ್ಣು ಮುಚ್ಚುವುದನ್ನು ಅಭ್ಯಾಸ ಮಾಡುತ್ತಿತ್ತು.

"ನೆರಳು ನೋಡಿ ಗುರಿ ಹಿಡಿದೀನಿ, ಬರೋಬ್ಬರಿ ಕುಂತೈತಿ," ಎಂದು ಭಾವ ಕೊಳವೆಯ ಮುಂದಿನ ಮುಚ್ಚಳಕ್ಕೆ ಕೈ ಹಾಕಿದ.

ಶೃತಿ ಓಡಿಬಂದು ಮಗಳನ್ನು ರಟ್ಟೆ ಹಿಡಿದು ಕೆಳಗೆ ಎಳೆದಳು. ಮಗು ಅಳತೊಡಗಿತು.

"ಕಣ್ಣು ಹೋಗ್ತದೆ ಭಾವ. ಒಂದು ಸಲ ಇಣುಕಿದ್ರೂ ಸಾಕು, ಜನ್ಮಪೂರ್ತಿ ಕಾಣಲ್ಲ."

"ಅಷ್ಟೂ ತಿಳೀದೇನು ನಂಗ?" ಸಿದ್ಧಲಿಂಗೇಶ ನಕ್ಕ. "ನೋಡಿಲ್ಲಿ, ಕಣ್ಣಿಡೋ ಜಾಗಕ್ಕ ಎಕ್ಸ್‌ರೇ ಫಿಲ್ಮ್ ಕಟ್ಟೀನಿ. ಅವ್ವನ ಮೊಣಕಾಲಿಂದು."

ನಿಜಕ್ಕೂ ಕಟ್ಟಿದ್ದ. ರಬ್ಬರ್ ಬ್ಯಾಂಡ್ ಹಾಕಿ, ನೀಟಾಗಿ. ಮಸೂರ ಹಿಡಿದ ಬಿಸಿಲಿನ ಬೆಂಕಿಯೆಲ್ಲ ಬಂದು ಕೂಡುವ ಜಾಗಕ್ಕೇ ಅತ್ತೆಯ ಮೊಣಕಾಲು. ಬಾಯಿಮಾತಿನಲ್ಲಿ ಇವನಿಗೆ ಅರ್ಥ ಮಾಡಿಸಲು ತನ್ನ ಆಯುಸ್ಸು ಸಾಲದು ಎನಿಸಿತು ಅವಳಿಗೆ. ಅಳುವ ಮಗಳನ್ನು ಸೊಂಟಕ್ಕೇರಿಸಿ ದೂರ ನಿಂತಳು.

"ಸರಿ, ಯಾರೂ ಹತ್ತಿರ ಹೋಗಬೇಡಿ. ಈಗ ಮುಚ್ಚಳ ತೆಗೀರಿ, ನೋಡೋಣ."

ಮುಚ್ಚಳ ತೆಗೆದ. ಅತ್ತೆ ಕೈ ಮುಗಿದರು. ನಮಸ್ಕಾರ ಮುಗಿಯುವುದರೊಳಗೆ ಫಿಲ್ಮು ಮುದುಡಿ, ಸಣ್ಣಗೆ ಹೊಗೆಯಾಡಿ, ನಡುವೆ ತೂತು ಬಿತ್ತು. ಸುಟ್ಟ ಪ್ಲಾಸ್ಟಿಕ್ ವಾಸನೆ ಊದುಬತ್ತಿಯನ್ನೂ ಮೀರಿ ಹರಡಿತು. ರಾಜೇಶ್ವರಮ್ಮ ತೂತನ್ನೊಮ್ಮೆ, ಮೊಮ್ಮಗಳ ಕಣ್ಣನ್ನೊಮ್ಮೆ ನೋಡಿ, ಸ್ಟೂಲನ್ನು ಕೊಳವೆಯಿಂದ ದೂರಕ್ಕೆ ಎಳೆದಿಟ್ಟರು.

ಸಿದ್ಧಲಿಂಗೇಶ ಮುಚ್ಚಳ ಹಾಕಿ, ಫಿಲ್ಮು ಬಿಚ್ಚಿಕೊಂಡು ಬೆಳಕಿಗೆ ಹಿಡಿದ. ಅವನ ಮುಖ ಬಿಳಿಚಿಕೊಳ್ಳಲಿ, ಒಂದು ಮಾತು ತಪ್ಪಾಯ್ತು ಎನ್ನಲಿ ಎಂದು ಶೃತಿ ಕಾದಳು.

"ತೂತು ನೋಡಿದ್ಯಾ ಶೃತಿ, ಎಷ್ಟು ದುಂಡಗ ಬಿದ್ದೈತಿ," ಎಂದ ಅವನು. "ಸ್ಟ್ಯಾಂಡ್ ಒಂಚೂರು ಅಲುಗಿದ್ರೂ ಉದ್ದುದ್ದ ಸುಡ್ತಿತ್ತು."

ಅವಳು ಮಗಳನ್ನು ಇಳಿಸದೆಯೇ ಒಂದು ಕೈಯಲ್ಲಿ ತಿರುಪು ಸಡಿಲಿಸಿ ಕೊಳವೆಯನ್ನು ಕಿತ್ತುಕೊಂಡಳು. "ಇದು ನನ್ನ ಬೀರುವಿನಲ್ಲಿರ್ತದೆ. ಚಂದ್ರ ಕಾಣೋ ದಿನ ನಾನೇ ತರ್ತೀನಿ. ಸ್ಟ್ಯಾಂಡು ನೀವೇ ಇಟ್ಕೊಳ್ಳಿ."

"ಆತು ಬಿಡು. ಹಂಗ ಆ ಫೋಕಸ್ಸಿಂದು ತಿರುಪು ಸ್ವಲ್ಪ ಬಿಗಿ ಐತಿ ಶೃತಿ, ಒಂದೀಟು ಕೊಟ್ರ ಬಿಚ್ಚಿ..."

ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಬೀರುವಿಗೆ ಬೀಗ ಹಾಕಿ, ಕೀಲಿ ಎಲ್ಲಿಟ್ಟಳೆಂದು ಗಂಡನಿಗೂ ಹೇಳಲಿಲ್ಲ.