ಅತ್ತೆಯ ಸೋಮವಾರದ ಹಾಲು

ನಮ್ಮತ್ತೆ ಶಾಂತಮಲ್ಲಮ್ಮ ಬಚ್ಚಲ ಬಳಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು. "ಸದ್ಯ, ಬಲಗೈ ಅಲ್ವಲ್ಲ" ಎಂದುಬಿಟ್ಟೆ. ಅತ್ತೆ ದುರುಗುಟ್ಟಿದರು. "ಬಲಗೈ ಓಗಿದ್ರೆ ನೀನು ತುತ್ತು ಇಕ್ತಿದ್ದೆ. ಲಿಂಗ ಎಲ್ಲಿಟ್ಕಂಡು ಪೂಜೆ ಮಾಡ್ಲಿ, ನಿನ್ ತಲೆ ಮ್ಯಾಲಾ?"

ಅದೇ ಅವರ ಸಂಕಟ. ಮದುವೆಯಾಗಿ ಹರದನಹಳ್ಳಿಗೆ ಬಂದಾಗಿನಿಂದ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜಿಸದೆ ಗುಟುಕು ನೀರು ಕುಡಿದವರಲ್ಲ. ಈಗ ಕೈತುಂಬ ಪ್ಲಾಸ್ಟರ್. ಕೊರಳಲ್ಲಿದ್ದ ಲಿಂಗವನ್ನು ಬಲಗೈಯಿಂದ ಕಣ್ಣಿಗೊತ್ತಿಕೊಂಡು ಅಳುತ್ತಿದ್ದರು.

ಚಾಮರಾಜನಗರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ವಿಟಮಿನ್ ಡಿ ತೀರಾ ಕಮ್ಮಿ ಇದೆ. ಬಿಸಿಲಿಂದ ಬರೋದು ಅದು" ಎಂದರು.

ಅತ್ತೆಗೆ ರೇಗಿತು. "ಅರಿಶಿನದ ಹೊಲದಲ್ಲಿ ಬೆಂದು ಕರ್ರಗಾಗಿವ್ನಿ, ನಂಗೆ ಬಿಸ್ಲು ಸಾಲ್ದಾ?"

"ವಯಸ್ಸಾದ ಮೇಲೆ ಬಿಸಿಲಿದ್ರೂ ಮೈ ಹಿಡಿಯಲ್ಲಮ್ಮ" ಎಂದು ಡಾಕ್ಟರು ನಕ್ಕರು. "ವಾರಕ್ಕೊಂದು ಪೊಟ್ಟಣದ ಪುಡಿ ಹಾಲಿಗೆ ಹಾಕ್ಕೊಂಡು ಕುಡೀರಿ. ಮೂಳೆ ತಾನೇ ಕೂಡುತ್ತೆ, ಇದು ಒತ್ತಾಸೆಗೆ."

ಅತ್ತೆ ಶಿವನ ವಾರವೆಂದು ಸೋಮವಾರವನ್ನೇ ಆರಿಸಿಕೊಂಡರು. ನಾನು ಟೌನಿನ ಬಟ್ಟೆ ಅಂಗಡಿ ಕೆಲಸಕ್ಕೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಆ ಕಡೆ ನೋಡಲೇ ಇಲ್ಲ.

ಪ್ಲಾಸ್ಟರ್ ಬಿಚ್ಚಿದರೆ ಕೈಯೆಲ್ಲ ಬಿಗಿ. ಅಂಗೈ ಮೇಲ್ಮುಖವಾಗಿ ತಿರುಗುತ್ತಲೇ ಇಲ್ಲ. ಇನ್ನು ಲಿಂಗ ಇಡುವುದೆಲ್ಲಿ! ಮತ್ತೆ ರಕ್ತ ನೋಡಿದರೆ ವಿಟಮಿನ್ ಇದ್ದಲ್ಲೇ ಇತ್ತು. "ಒಂದು ವಾರಾನೂ ತಪ್ಸಿಲ್ಲ, ಶಿವನಾಣೆ" ಎಂದರು ಅತ್ತೆ. ಡಾಕ್ಟರಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ.

ಮುಂದಿನ ಸೋಮವಾರ ರಜೆ ಹಾಕಿ ಮನೆಯಲ್ಲೇ ಉಳಿದೆ. ಅತ್ತೆ ಚೊಂಬು ಹಾಲಿಗೆ ಪುಡಿ ಸುರಿದು, ದೇವರಿಗೆ ತೋರಿಸಿ, ಚಮಚದಲ್ಲಿ ಹಂಚತೊಡಗಿದರು. ಮೊದಲು ನಮ್ಮ ಮಾವ ಶಂಭುಲಿಂಗಪ್ಪನವರ ಅಂಗೈಗೆ, ಆಮೇಲೆ ಪಕ್ಕದ ಮನೆ ಶಿವಮ್ಮನಿಗೆ, ಅವಳ ಗಂಡನಿಗೆ, ದಾರಿಯಲ್ಲಿ ಹೋಗುತ್ತಿದ್ದ ಸೋಮಣ್ಣನಿಗೆ. ತಳದಲ್ಲಿ ಉಳಿದ ಎರಡು ಹನಿ ತಮಗೆ!

"ಅಯ್ಯೋ ಅತ್ತೆ! ಮದ್ದನ್ನ ತೀರ್ಥದಂಗೆ ಹಂಚೋದಾ?"

"ದೇವ್ರಿಗೆ ತೋರ್ಸಿದ್ದನ್ನ ಒಬ್ಳೇ ಕುಡಿಯಕ್ಕಾಯ್ತದೇನಮ್ಮಿ?"

"ನಿಲ್ಲಿಸ್ಬ್ಯಾಡಿ" ಎಂದರು ಮಾವ ಗಾಬರಿಯಿಂದ. "ನನ್ ಮಂಡಿ ನೋವು ಎಷ್ಟೋ ವಾಸಿ ಕಣವ್ವ."

ನಗು ಬಂತು, ಸಿಟ್ಟೂ ಬಂತು. "ಲಿಂಗ ನಿಮ್ಮ ಅಂಗೈಗೆ ಬರಬೇಕೋ ಬೇಡ್ವೋ?" ಎಂದೆ. ಅತ್ತೆ ಚಮಚ ಕೆಳಗಿಟ್ಟರು.

ಅಂದಿನಿಂದ ದೇವರಿಗೆ, ಊರವರಿಗೆ ಬರಿ ಹಾಲು. ಪುಡಿ ಮಾತ್ರ ಅತ್ತೆಯ ಲೋಟಕ್ಕೆ. ಆದರೂ ಎಲ್ಲರದ್ದೂ ಮುಗಿದ ಮೇಲೇ ಅವರದ್ದು. ಡಾಕ್ಟರು ಹೇಳಿದಂತೆ ಸೌಟು ಹಿಡಿದು ದಿನವೂ ಕೈ ತಿರುಗಿಸಿದರು. ನೋವಾದಾಗ ನನ್ನನ್ನು ಬೈದರು.

ಕೊನೆಗೊಂದು ಸೋಮವಾರ ಅಂಗೈ ಪೂರ್ತಿ ಮೇಲಕ್ಕೆ ತಿರುಗಿತು. ಅತ್ತೆ ಲಿಂಗವನ್ನು ಅದರ ಮೇಲಿಟ್ಟರು. ಗಳಗಳನೆ ಅತ್ತು, ಪೂಜೆ ಮುಗಿಸಿ ಎದ್ದರು.

ಮಾವ ಅಭ್ಯಾಸಬಲದಿಂದ ಅಂಗೈ ಒಡ್ಡಿದರು.

"ತಡೀರಿ. ನಾಳೆನೂ ಈ ಕೈ ಲಿಂಗ ಹಿಡೀಬೇಕು" ಎಂದು ಅತ್ತೆ ತಮ್ಮ ಲೋಟವೆತ್ತಿ ಗಟಗಟ ಕುಡಿದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ, ಅತ್ತೆ ಎಲ್ಲರಿಗಿಂತ ಮೊದಲು ಬಾಯಿಗೆ ಏನಾದರೂ ಹಾಕಿಕೊಂಡದ್ದು ಅಂದೇ.